ಜಾದೂಗಾರರನ್ನು ಕೇಳಿ: ಕೈಚಳಕ ಆಮೇಲೆ, ಜನ ಮೊದಲು

ಪ್ರಶ್ನೆ: ಹೊಸದಾಗಿ ಶಾಲೆಗಳಲ್ಲಿ ಜಾದೂ ಶೋ ಮಾಡುತ್ತಿದ್ದೇನೆ. ಪ್ರತಿ ಸಲ ಯಾರೋ ಒಬ್ಬ ಹುಡುಗ ಎದ್ದು ನಿಂತು ‘ಅಂಕಲ್, ತೋಳೊಳಗಿದೆ, ನಂಗೆ ಗೊತ್ತು’ ಅಂತ ಕೂಗುತ್ತಾನೆ. ಏನು ಮಾಡಲಿ? (ಓದುಗರು, ದಾವಣಗೆರೆ)

ಉತ್ತರ: ಮೊದಲು ಅರ್ಧ ತೋಳಿನ ಅಂಗಿ ಹಾಕಿ! ತಮಾಷೆಯಲ್ಲ, ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಇಡೀ ಸಭೆಯಲ್ಲಿ ನಿಮ್ಮನ್ನು ಕಣ್ಣು ಮಿಟುಕಿಸದೆ ನೋಡುತ್ತಿರುವವನು ಆ ಹುಡುಗನೇ, ಬೈದರೆ ಉಳಿದ ಮಕ್ಕಳೆಲ್ಲ ಅವನ ಪಕ್ಷ ಸೇರುತ್ತಾರೆ. ಮಕ್ಕಳಿಗೆ ಕೂಗಬೇಕು. ಕೂಗಲಿ, ಆದರೆ ಯಾವಾಗ ಅನ್ನುವುದನ್ನು ನೀವು ಗೊತ್ತುಮಾಡಿ. ಎರಡು ಬಾಗಿಲಿನ ದಾಳದ ಪೆಟ್ಟಿಗೆ ಇರುವುದೇ ಅದಕ್ಕೆ: ಒಂದು ಬಾಗಿಲು ತೆಗೆದು ‘ನೋಡಿ, ದಾಳ ಮಾಯ’ ಅಂತೀರಿ, ಮಕ್ಕಳು ‘ಇನ್ನೊಂದು ಬಾಗಿಲು, ಇನ್ನೊಂದು ಬಾಗಿಲು’ ಅಂತ ಕಿರುಚುತ್ತಾರೆ, ನೀವು ಕೇಳಿಸಲೇ ಇಲ್ಲ ಅನ್ನೋ ಹಾಗೆ ನಟಿಸುತ್ತೀರಿ, ಕೊನೆಗೆ ಎರಡೂ ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ. ಇದನ್ನು ಶುರುವಿನಲ್ಲೇ ಇಟ್ಟುಕೊಳ್ಳಿ. ‘ನಂಗೆ ಗೊತ್ತು’ ಅನ್ನುವವರು ಸ್ವಲ್ಪ ತಣ್ಣಗಾಗುತ್ತಾರೆ.

ರಿಸೆಪ್ಷನ್‌ಗೆ ಏರಿಸಿಕೊಂಡು ಬರುವ ದೊಡ್ಡವರ ಕಥೆ ಬೇರೆ. ಅಂಥವರನ್ನು ಸ್ಟೇಜ್‌ಗೆ ಕರೆದು ಬಾಯಿ ಮುಚ್ಚಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾಗಿದ್ದೇ ಮೈಕು ಅಲ್ವಾ? ಒಂದು ಸಲ ನಕ್ಕು, ಮ್ಯೂಸಿಕ್ ಹಾಕಿಸಿ, ಮಾತಿಲ್ಲದ ಐಟಂಗೆ ಹೋಗಿಬಿಡಿ.

ಪ್ರಶ್ನೆ: ಸ್ಟೇಜ್‌ಗೆ ಯಾರನ್ನು ಕರೆಯಬೇಕು ಅಂತ ಹೇಗೆ ಗೊತ್ತಾಗುತ್ತೆ? (ಓದುಗರು, ಮೈಸೂರು)

ಉತ್ತರ: ಮೊದಲು ಕೈ ಎತ್ತಿದವರನ್ನಂತೂ ಬೇಡ. ಹಿಂದಿನ ಐಟಂ ನಡೆಯುವಾಗಲೇ ಹುಡುಕಬೇಕು: ಮನಸಾರೆ ನಗುತ್ತಿರುವವರು, ಪಕ್ಕದವರ ಮುಖ ನೋಡಿ ಚಪ್ಪಾಳೆ ತಟ್ಟುವವರು. ಬಂದವರ ಹೆಸರು ಕೇಳಿ, ಸರಿಯಾಗಿ ಹೇಳಿ. ಎಲ್ಲಿ ನಿಲ್ಲಬೇಕು ಅಂತ ಮೆಲ್ಲಗೆ ತಿಳಿಸಿ, ಸುಮ್ನೆ ಹೆಗಲು ಹಿಡಿದು ಎಳೆದಾಡಬೇಡಿ. ಬಣ್ಣ, ದಪ್ಪ, ಬೋಳುತಲೆ ಮೇಲಿನ ಜೋಕು ಈಗಲೂ ಬಿಡದವರಿದ್ದಾರೆ, ನನಗೆ ಅದು ಸೋಮಾರಿತನ ಅನಿಸುತ್ತದೆ. ಇಳಿದು ಹೋಗುವಾಗ ಚಪ್ಪಾಳೆ ಅವರಿಗೆ ಹೋಗಬೇಕು.

ಪ್ರಶ್ನೆ: ಗಣೇಶೋತ್ಸವದಲ್ಲಿ ಮುಖ್ಯ ಅತಿಥಿ ಬಂದರು ಅಂತ ಶೋ ಅರ್ಧಕ್ಕೇ ನಿಲ್ಲಿಸುತ್ತಾರೆ. (ಓದುಗರು, ಹಾಸನ)

ಉತ್ತರ: 1956ರಲ್ಲಿ ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟೀವಿಯಲ್ಲಿ ಒಬ್ಬ ಹುಡುಗಿಯನ್ನು ಗರಗಸದಲ್ಲಿ ಕೊಯ್ಯುವ ಐಟಂ ಮಾಡಿದರು. ಆಕೆ ಎದ್ದು ಕೂರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು, ಹುಡುಗಿ ಸತ್ತೇಹೋದಳು ಅಂದುಕೊಂಡ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಸರ್ಕಾರ್‌ಗೆ ಅದರಿಂದ ಹೆಸರು ಬಂತು, ನಮಗೆ ಬರಲ್ಲ. ಹಾಗಾಗಿ ಎರಡೆರಡು ನಿಮಿಷಕ್ಕೆ ಒಂದು ಐಟಂ ಮುಗಿಯುವ ಹಾಗೆ ಜೋಡಿಸಿಕೊಳ್ಳಿ, ಎಲ್ಲಿ ನಿಲ್ಲಿಸಿದರೂ ಮರ್ಯಾದೆಯಾಗಿ ಕೈ ಮುಗಿದು ಇಳಿಯಬಹುದು.

ಪ್ರಶ್ನೆ: ಕಾರ್ಯಕ್ರಮದ ಮಧ್ಯೆ ಗಾಬರಿಯಾಗುವಂಥದ್ದು ನಡೆದರೆ? (ಓದುಗರು, ಶಿವಮೊಗ್ಗ)

ಉತ್ತರ: 1942ರಲ್ಲಿ ಅಮೆರಿಕದ ಡಿಕೇಟರ್ ಊರಲ್ಲಿ ಹ್ಯಾರಿ ಬ್ಲ್ಯಾಕ್‌ಸ್ಟೋನ್ ಅನ್ನೋ ಜಾದೂಗಾರರ ಶೋ ನಡೆಯುತ್ತಿದ್ದಾಗ ಬೆಂಕಿ ಬಿದ್ದ ಸುದ್ದಿ ಬಂತು. ಸಭೆಯ ತುಂಬ ಮಕ್ಕಳು. ಮುಂದಿನ ಜಾದೂ ತುಂಬಾ ದೊಡ್ಡದು, ಥಿಯೇಟರ್ ಒಳಗೆ ಹಿಡಿಸಲ್ಲ, ಹೊರಗೆ ತೋರಿಸುತ್ತೇನೆ ಅಂತ ಹೇಳಿ ಸಾಲು ಸಾಲಾಗಿ ಎಲ್ಲರನ್ನೂ ಕರೆದುಕೊಂಡು ಹೋದರು. ‘ಬೆಂಕಿ’ ಅಂದಿದ್ದರೆ ಬಾಗಿಲಲ್ಲಿ ನೂಕುನುಗ್ಗಲೇ ಆಗುತ್ತಿತ್ತು. ಹಾಲ್‌ಗೆ ಹೋದ ಕೂಡಲೇ ಬಾಗಿಲು ಎಲ್ಲೆಲ್ಲಿವೆ ನೋಡಿಕೊಳ್ಳಿ.

ಪ್ರಶ್ನೆ: ಮಗ ಜಾದೂನೇ ಕಸುಬು ಮಾಡಿಕೊಳ್ತೀನಿ ಅಂತಾನೆ. ಹೊಟ್ಟೆ ತುಂಬುತ್ತಾ? (ತಾಯಿ, ತುಮಕೂರು)

ಉತ್ತರ: ತುಂಬುತ್ತೆ ಅಮ್ಮಾ, ವರ್ಷಪೂರ್ತಿ ಒಂದೇ ಸಮ ಅಲ್ಲ. ಗಣೇಶ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ ಇದ್ದಾಗ ಊಟಕ್ಕೂ ಪುರುಸೊತ್ತಿಲ್ಲ, ಆಷಾಢದಲ್ಲಿ ಫೋನೇ ರಿಂಗಾಗಲ್ಲ. ಜಾದೂಗಿಂತ ಜಾಸ್ತಿ ಹೊತ್ತು ಪೆಟ್ಟಿಗೆ ಹೊರುವುದು, ಬಾಕಿ ದುಡ್ಡು ಕೇಳುವುದು, ಇದೇ ಕೆಲಸ. ಅಡ್ವಾನ್ಸ್ ಇಲ್ಲದೆ ತಾರೀಖು ಕೊಡಬಾರದು ಅಂತ ಈಗಲೇ ಹೇಳಿಕೊಡಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಜಾದೂಗಾರರನ್ನು ಕರೆಸುತ್ತಿದ್ದೇವೆ. ನಾವೇನು ಸಿದ್ಧ ಮಾಡಿಡಬೇಕು? (ಓದುಗರು, ಬೆಂಗಳೂರು)

ಉತ್ತರ: ಮಕ್ಕಳ ವಯಸ್ಸು ಮೊದಲೇ ತಿಳಿಸಿ. ಜಮಖಾನ ಹಾಸಿ ಮಕ್ಕಳನ್ನು ಮುಂದೆ ಕೂರಿಸಿ, ದೊಡ್ಡವರು ಹಿಂದೆ, ಜಾದೂಗಾರರ ಬೆನ್ನ ಹಿಂದೆ ಯಾರೂ ಬೇಡ. ಮೇಲಿನ ಫ್ಯಾನ್ ಆಫ್ ಮಾಡಿ, ಕರವಸ್ತ್ರ ಹಾರುತ್ತೆ. ಊಟದ ಕೌಂಟರ್ ಮಾತ್ರ ಶೋ ಮುಗಿದ ಮೇಲೇ ತೆಗೆಯಿರಿ, ಬಿಸಿ ಜಾಮೂನಿನ ಎದುರು ಗೆಲ್ಲೋ ಜಾದೂ ನನಗಂತೂ ಬರಲ್ಲ.