ಪಿಯಾನೋ, ಮೆಟ್ಟಿಲು, ಕೊಡಲಿ

ಪ್ರಶ್ನೆ: ಲಾರೆಲ್–ಹಾರ್ಡಿ ಮೆಟ್ಟಿಲ ಮೇಲೆ ಪಿಯಾನೋ ಹೊತ್ತು ಒದ್ದಾಡುವ ಸಿನಿಮಾ ಯಾವುದು? ಕೊಡಲಿ ಹಿಡಿದು ಬರುವ ಪ್ರೊಫೆಸರ್ ಯಾರು? ಆ ಮೆಟ್ಟಿಲು ಸೆಟ್ಟಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದು 1932ರ ‘ದಿ ಮ್ಯೂಸಿಕ್ ಬಾಕ್ಸ್’. ಹಾಲ್ ರೋಚ್ ನಿರ್ಮಾಣ, ಜೇಮ್ಸ್ ಪ್ಯಾರಟ್ ನಿರ್ದೇಶನ. ಪೂರ್ತಿ ಅರ್ಧ ಗಂಟೆಯೂ ಇಲ್ಲ. ಕಿರು ಹಾಸ್ಯಚಿತ್ರಕ್ಕೆ ಆಸ್ಕರ್ ಕೊಡಲು ಶುರು ಮಾಡಿದಾಗ ಮೊದಲ ಪ್ರಶಸ್ತಿ ಹೊಡೆದದ್ದು ಇದೇ.

ಮೆಟ್ಟಿಲು ಸೆಟ್ಟಲ್ಲ. ಲಾಸ್ ಏಂಜಲೀಸಿನ ಸಿಲ್ವರ್ ಲೇಕ್ ಬಡಾವಣೆಯಲ್ಲಿ, ವೆಂಡೋಮ್ ಸ್ಟ್ರೀಟಿನಲ್ಲಿ ಈಗಲೂ ಇದೆ. ಒಟ್ಟು 133. ಮೇಲಿನ ಮನೆ ಮಾತ್ರ ಸ್ಟುಡಿಯೋದ್ದು. 1927ರ ‘ಹ್ಯಾಟ್ಸ್ ಆಫ್’ ಎಂಬ ಮೂಕಿಚಿತ್ರದಲ್ಲಿ ಈ ಜೋಡಿ ಇದೇ ಮೆಟ್ಟಿಲ ಮೇಲೆ ವಾಷಿಂಗ್ ಮಷೀನ್ ಹೊತ್ತಿತ್ತು. ಅದರ ಪ್ರತಿ ಎಲ್ಲೂ ಸಿಕ್ಕಿಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಪ್ರೊಫೆಸರ್ ಪಾತ್ರ ಬಿಲ್ಲಿ ಗಿಲ್ಬರ್ಟ್ ಅವರದು. ಡಿಸ್ನಿಯ ‘ಸ್ನೋ ವೈಟ್’ನಲ್ಲಿ ಸದಾ ಸೀನುವ ಕುಳ್ಳನಿಗೆ ದನಿ ಕೊಟ್ಟವರೂ ಇವರೇ. ಪಿಯಾನೋ ಕಂಡರಾಗದ ಈ ಪ್ರೊಫೆಸರ್ ಹುಟ್ಟುಹಬ್ಬಕ್ಕೆ ಹೆಂಡತಿ ತರಿಸುವುದು ಪಿಯಾನೋನೇ! ಅದೂ ಸ್ವಿಚ್ ಹಾಕಿದರೆ ತಾನಾಗಿ ನುಡಿಯುವಂಥದ್ದು. ಇವನು ಕೊಡಲಿಯಿಂದ ಕೊಚ್ಚುತ್ತಿರುವಾಗ ಅದು ಅಮೆರಿಕದ ರಾಷ್ಟ್ರಗೀತೆ ಶುರು ಮಾಡುತ್ತದೆ. ಮೂವರೂ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಆಮೇಲೆ ಮತ್ತೆ ಕೊಡಲಿ. ಆ ಹಾಡು ಅಧಿಕೃತ ರಾಷ್ಟ್ರಗೀತೆಯಾಗಿದ್ದು 1931ರಲ್ಲಿ, ಅಂದರೆ ಜೋಕು ಬಿಸಿಬಿಸಿಯಾಗಿಯೇ ಇತ್ತು ಅನ್ನಿ.

ಆದರೆ ನನ್ನ ವೋಟು ಅಂಚೆಯವನಿಗೆ. ಚಾರ್ಲಿ ಹಾಲ್ ಅಂತ, ಈ ಜೋಡಿಯ ಎಷ್ಟೋ ಚಿತ್ರಗಳಲ್ಲಿ ಬಂದು ಹೋಗುವ ಕುಳ್ಳ ನಟ. ಇಬ್ಬರೂ ಬೆವರು ಸುರಿಸಿ ಮೇಲೆ ಮುಟ್ಟಿದ ಮೇಲೆ, ಮನೆ ಬಾಗಿಲಿಗೇ ಗಾಡಿ ರಸ್ತೆ ಇದೆಯಲ್ಲ ಅಂತಾನೆ. ನಾವಾದರೆ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದೆವು, ಅಲ್ವಾ? ಇವರು ಪಿಯಾನೋವನ್ನು ಅಷ್ಟೂ ಮೆಟ್ಟಿಲು ವಾಪಸ್ ಇಳಿಸಿ, ಗಾಡಿಗೆ ಹೇರಿ, ಸುತ್ತು ಹಾಕಿ ಅದೇ ಮನೆಗೆ ಬರುತ್ತಾರೆ. ಬೀಳುವುದು, ಏಳುವುದು ಎಲ್ಲರಿಗೂ ಬರುತ್ತದೆ. ಇಷ್ಟು ಶ್ರದ್ಧೆಯಿಂದ ದಡ್ಡರಾಗುವುದು ಇವರಿಗೆ ಮಾತ್ರ.

ಪ್ರಶ್ನೆ: ಇಬ್ಬರಲ್ಲಿ ಬುದ್ಧಿವಂತ ಯಾರು?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ತೆರೆಯ ಮೇಲಾದರೆ, ಪಿಯಾನೋ ಗಾಡಿ ಎಳೆಯುವ ಕುದುರೆ. ಹಾರ್ಡಿ ಪಿಯಾನೋಗೆ ಬೆನ್ನು ಕೊಟ್ಟ ಹೊತ್ತಿಗೇ ಸರಿಯಾಗಿ ಮುಂದೆ ಹೆಜ್ಜೆ ಇಡುತ್ತದೆ. ತೆರೆಯ ಹಿಂದೆ ಲಾರೆಲ್. ಜೋಕು ಹೆಣೆಯುವುದು, ಎಡಿಟಿಂಗಿಗೆ ಕೂರುವುದು ಎಲ್ಲ ಅವರೇ. ಹಾರ್ಡಿ ಶೂಟಿಂಗ್ ಮುಗಿಸಿ ಗಾಲ್ಫ್ ಆಡಲು ಹೊರಡುತ್ತಿದ್ದರು.