165 ಇಂಚಿನ ಟ್ರ್ಯಾಕ್, ಗಟ್ಟಿ ಹಿಮದ ದಾರಿ

ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ಗೆ 165 ಇಂಚು ಟ್ರ್ಯಾಕಿನ (ಕೆಳಗೆ ತಿರುಗುವ ರಬ್ಬರ್ ಪಟ್ಟಿ) ಮೌಂಟನ್ ಸ್ನೋಮೊಬೈಲ್, ಅಂದರೆ ಬೆಟ್ಟದ ಆಳ ಹಿಮಕ್ಕೆಂದೇ ಮಾಡಿದ ಹಿಮಗಾಡಿ, ಒಯ್ಯುತ್ತಿದ್ದೀರಿ, ಗ್ರೂಮ್ ಮಾಡಿದ, ಅಂದರೆ ಯಂತ್ರದಿಂದ ಹಿಮ ಒತ್ತಿ ಸಮ ಮಾಡಿದ ದಾರಿಯಲ್ಲಿ ಇಂಜಿನ್ ಬಿಸಿಯಾಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ತಡೆಯಬಹುದು.

ಕಾರಿನ ಥರ ಗಾಳಿಯಿಂದ ತಣ್ಣಗಾಗುವ ಗಾಡಿ ಅಲ್ಲ ಇದು. ಟ್ರ್ಯಾಕ್ ಎಸೆಯುವ ಹಿಮ ಮೇಲಿನ ಕೂಲರ್‌ಗೆ ಬಡಿದು ಕರಗಬೇಕು, ಆಗಲೇ ತಂಪು. ಗಟ್ಟಿಯಾದ ದಾರಿಯಲ್ಲಿ ಪುಡಿ ಹಿಮ ಏಳುವುದೇ ಕಡಿಮೆ. ಟ್ರ್ಯಾಕ್ ಜಾರುವ ಹಳಿಗಳ ಕೆಳಗಿನ ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಪಟ್ಟಿಗೂ ಹಿಮದ ನೀರೇ ಎಣ್ಣೆ ಇದ್ದ ಹಾಗೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ನನಗೆ ಒಮ್ಮೆ ಸುಟ್ಟ ವಾಸನೆ ಬಂದು, ನಿಲ್ಲಿಸಿ ನೋಡಿದರೆ ಪಟ್ಟಿ ಮೇಣದಂತೆ ಟ್ರ್ಯಾಕಿನ ಲೋಹದ ಕ್ಲಿಪ್ಪಿಗೆ ಅಂಟಿಕೊಂಡಿತ್ತು.

ಅದಕ್ಕೇ ಮೊದಲು ಐಸ್ ಸ್ಕ್ರ್ಯಾಚರ್ ಹಾಕಿಸಿ. ಹಳಿಗೆ ಕೂರುವ ಸ್ಪ್ರಿಂಗ್ ಕಡ್ಡಿ ಅಷ್ಟೇ, ನೆಲವನ್ನು ಕೆರೆದು ಹಿಮದ ಪುಡಿ ಎಬ್ಬಿಸುತ್ತದೆ. ರಿವರ್ಸ್ ಹಾಕುವ ಮೊದಲು ಎತ್ತಿಡಿ, ಇಲ್ಲದಿದ್ದರೆ ಕೆಲವು ಬಗೆಯವು ಬಾಗಿ ಮುರಿಯುತ್ತವೆ. ಟೆಂಪರೇಚರ್ ಏರುತ್ತಿದ್ದರೆ ದಾರಿಯಂಚಿನ ಮೆತ್ತನೆ ಹಿಮಕ್ಕೆ ಸ್ವಲ್ಪ ಇಳಿಸಿ. ಎದುರು ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡೇ ಇಳಿಸಿ.

ಇನ್ನೊಂದು ಮಾತು. ಮೌಂಟನ್ ಗಾಡಿಯ ಮುಂದಿನ ಸ್ಕೀಗಳ (ಹಿಮದ ಮೇಲೆ ಜಾರುವ ಪಟ್ಟಿಗಳ) ನಡುವಿನ ಅಗಲ ಸುಮಾರು 36 ಇಂಚು, ಟ್ರೇಲ್ ಗಾಡಿಯದು 42ರ ಆಸುಪಾಸು. ಅಗಲ ಕಡಿಮೆ ಇರುವುದರಿಂದ ಮೌಂಟನ್ ಗಾಡಿಗೆ ತಿರುವಿನಲ್ಲಿ ಒಳಗಿನ ಸ್ಕೀ ಎದ್ದುಬಿಡುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮೈಯನ್ನು ಒಳಗೆ ವಾಲಿಸಿ. ಟ್ರ್ಯಾಕಿಗೆ ಮೂರಿಂಚಿನ ಲಗ್ (ಹಿಮ ಕಚ್ಚುವ ರಬ್ಬರ್ ಹಲ್ಲು) ಇದ್ದರೆ ನೇರ ದಾರಿಯಲ್ಲೂ ಜಾಸ್ತಿ ಹೊತ್ತು ಜೋರಾಗಿ ಓಡಿಸಬೇಡಿ, ರಬ್ಬರ್ ಬಿಸಿಯಾಗಿ ಲಗ್‌ಗಳು ಹರಿಯುತ್ತವೆ. ಹೊರಡುವ ಮುಂಚೆ ಕೂಲಂಟ್ ಮಟ್ಟ ನೋಡಿಕೊಳ್ಳಿ.