ಮಾತಿಲ್ಲದ ವಿಡಿಯೋನ ಯಾಕೆ ನೋಡ್ತಾರೆ?

ಪ್ರಶ್ನೆ: ನಮ್ಮ ಮಾವನೋರು ರಿಟೈರ್ ಆದ್ಮೇಲೆ ಹಳೇ ಎಚ್‌ಎಂಟಿ ವಾಚ್ ಬಿಚ್ಚಿ ಜೋಡಿಸ್ತಾ ಕೂತಿರ್ತಾರೆ, ಮಗ ಅದನ್ನ ಯೂಟ್ಯೂಬಿಗೆ ಹಾಕಿದ್ರೆ ಸಾವಿರಾರು ಜನ ನೋಡ್ತಿದಾರೆ. ಏನಿದೆ ಮೇಡಂ ಅದ್ರಲ್ಲಿ?
– ಓದುಗರು, ಮಲ್ಲೇಶ್ವರಂ

ಉತ್ತರ: ತುಂಬಾನೇ ಇದೆ ಕಣಮ್ಮಾ. ನಿಂತ್ಹೋಗಿರೋ ವಾಚಿನ ಮುಚ್ಚಳ ತೆಗೆದು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನ ಚಿಮಟದಲ್ಲಿ ಒಂದೊಂದೇ ಎತ್ತಿಟ್ಟು, ತೊಳೆದು, ಎಣ್ಣೆ ಹಾಕಿ ಕೂರಿಸಿದಾಗ ಬ್ಯಾಲೆನ್ಸ್ ಚಕ್ರ (ಆ ಕಡೆ ಈ ಕಡೆ ತೂಗಾಡಿ ವಾಚಿನ ಲಯ ಹಿಡಿಯೋ ಪುಟ್ಟ ಚಕ್ರ) ತಟ್ಟನೆ ಆಡೋಕೆ ಶುರು ಮಾಡುತ್ತಲ್ಲ, ಆ ಒಂದು ಕ್ಷಣಕ್ಕೇ ಜನ ಅರ್ಧ ಗಂಟೆ ಕಾಯ್ತಾರೆ, ನಾನೂ ಕಾದಿದ್ದೀನಿ. ಮಾತಿಲ್ಲ ಅಂದ್ರೆ ಭಾಷೆ ಅಡ್ಡ ಬರಲ್ಲ. ಆಸ್ಟ್ರೇಲಿಯಾದ ಪ್ರಿಮಿಟಿವ್ ಟೆಕ್ನಾಲಜಿ ಅನ್ನೋ ಚಾನೆಲ್ 2015ರಲ್ಲಿ ಶುರುವಾಯ್ತು, ಒಬ್ಬ ಮನುಷ್ಯ ಕಾಡಲ್ಲಿ ಬರಿಗೈಲಿ ಮಣ್ಣಿನ ಗುಡಿಸಲು ಕಟ್ತಾನೆ, ತುಟಿ ಬಿಚ್ಚಲ್ಲ, ಸಬ್‌ಸ್ಕ್ರೈಬರ್ಸು ಒಂದು ಕೋಟಿ ದಾಟಿದಾರೆ! ಯೂಟ್ಯೂಬೂ 2012ರಿಂದ ಎಷ್ಟು ಜನ ಒತ್ತಿದ್ರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದ್ರು ಅನ್ನೋದಕ್ಕೆ ಜಾಸ್ತಿ ಬೆಲೆ ಕೊಡ್ತಿದೆ.

ಜೊತೆಗೆ ಎಚ್‌ಎಂಟಿ ವಾಚು 1961ರಲ್ಲಿ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, ಎಷ್ಟು ಮನೆ ಬೀರುಲಿ ಅಪ್ಪನ ಮದುವೆ ವಾಚು ಮಲಗಿದೆಯೋ! ಮಗನಿಗೆ ಹೇಳಿ, ಹಿಂದೆ ಮ್ಯೂಸಿಕ್ ಹಾಕೋದು ಬೇಡ, ಮೈಕ್ ಹತ್ರ ಇಡ್ಲಿ, ಟಿಕ್ ಟಿಕ್ ಚೆನ್ನಾಗಿ ಕೇಳ್ಬೇಕು.